ಸಂಜೆಗೆ ಬೇಕಾದ ಚಾಕು

“ಒಂದೇ ತಿವಿತಕ್ಕೆ ಒಳಗೆ ಹೋಗ್ಬೇಕು. ಆಮೇಲೆ ಕೆಳಕ್ಕೆ ಎಳೆದ್ರೆ ಸರ್ರಂತ ಹರೀಬೇಕು,” ಎಂದಳು ಟೆಂಟ್ ಹೊಲಿಯುವ ಹೆಂಗಸು.

ಚಾಕು ರಿಪೇರಿಯವನ ಕೈ ನಿಂತಿತು. ಮಡಚುವ ಚಾಕು, ಹೊಸದು. ಆದರೆ ಬಿಡಿಸಿದರೆ ಅಲಗು ಅಲ್ಲಾಡುತ್ತಿತ್ತು.

“ಹರಿಯೋದು ಅಷ್ಟು ದಪ್ಪನೇನಮ್ಮಾ?”

“ದಪ್ಪ ಅಂದ್ರೆ ದಪ್ಪ. ನಡುವೆ ಮಡಚಿಕೊಂಡ್ರೆ ಬೆರಳು ಹೋಗುತ್ತೆ. ಲಾಕ್ ಗಟ್ಟಿಯಾಗಿ ಕೂರಿಸಿಕೊಡಿ ಅಣ್ಣ. ಸಂಜೆಗೇ ಬೇಕು. ಅಲ್ಲೀವರೆಗೂ ಬಾಯಿ ಬಿಡಬಾರದು ಅಂತ ಇದ್ದೀನಿ.”

ರಿಪೇರಿಯವನ ಕಣ್ಣಮುಂದೆ ಅವಳ ಗಂಡನ ದಪ್ಪ ಹೊಟ್ಟೆ ಬಂದು ನಿಂತಿತು. ಆತ ಬೀದಿಯ ವರ್ತಕರ ಸಂಘದ ಕಾರ್ಯದರ್ಶಿ. ಆ ಗಂಡ ಹೆಂಡಿರ ಜಗಳ ಇಡೀ ಬೀದಿಗೆ ಪುಕ್ಕಟೆ ಮನರಂಜನೆ. “ನಾಳೆ ಸಂಜೆದೊಂದು ಮುಗಿದ್ರೆ ನನಗೆ ನೆಮ್ಮದಿ” ಎಂದು ಅವಳು ನಿನ್ನೆ ತಾನೇ ಕಿರುಚಿದ್ದಳು.

ಗಿರಾಕಿಯ ಮುಖ ನೋಡಿದರೆ ಸಾಕು, ಮನಸ್ಸಿನಲ್ಲಿರುವುದೆಲ್ಲ ತನಗೆ ಗೊತ್ತಾಗುತ್ತದೆ ಎಂದು ರಿಪೇರಿಯವನಿಗೆ ಭಾರೀ ಹೆಮ್ಮೆ. ಪೊಲೀಸರ ಬಳಿ ಹೋದರೆ ಗಂಡನ ಜೀವ ಉಳಿಯುತ್ತದೆ, ಗಿರಾಕಿ ಹೋಗುತ್ತಾಳೆ. ಎರಡೂ ಉಳಿಯುವ ಉಪಾಯ ಅವನಿಗೆ ಹೊಳೆಯಿತು.

ತಿರುಪು ಬಿಗಿ ಮಾಡಿದ, ಅಲ್ಲಾಟ ನಿಂತಿತು. ಅಲಗಿನ ಬುಡಕ್ಕೆ ಒತ್ತಿ ನಿಂತು ಅದು ಮಡಚದಂತೆ ತಡೆಯುವ ತೆಳು ತಗಡನ್ನು ಮಾತ್ರ ಹಿಂದಕ್ಕೆ ಬಗ್ಗಿಸಿದ. ಈಗದು ಅಂಚಿಗಷ್ಟೇ ತಾಗುತ್ತಿತ್ತು. ಅಲ್ಲಿಗೂ ಒಂದು ಹನಿ ಎಣ್ಣೆ ಬಿಟ್ಟ. ಬಿಡಿಸಿದರೆ ಟಕ್ಕೆಂಬ ಸದ್ದು ಬರುತ್ತಿತ್ತು. ಜೋರಾಗಿ ತಿವಿದರೆ ಮಾತ್ರ ಅಲಗು ಮಡಚಿಕೊಂಡು, ಹಿಡಿದವರ ಬೆರಳಿನ ಮೇಲೇ ಬೀಳುವುದು.

“ಅಲ್ಲಾಡೋದೇ ಇಲ್ಲ ನೋಡಿ,” ಎಂದು ಕೊಟ್ಟ. ಅವಳ ಬೆರಳಿನ ಬಗ್ಗೆ ಅವನಿಗೆ ಅಯ್ಯೋ ಪಾಪ ಎನ್ನಿಸಲಿಲ್ಲ.

ಸಂಜೆ ಗಂಡನೇ ಅಂಗಡಿಗೆ ಬಂದ. ಹೊಟ್ಟೆ ಇದ್ದ ಹಾಗೇ ಇತ್ತು. ತಾನು ಉಳಿಸಿದ ಜೀವ ಎಂದು ರಿಪೇರಿಯವನಿಗೆ ಕಣ್ಣು ತುಂಬಿ ಬಂತು. ಗಂಡ ಅವನನ್ನು ಬಲವಂತವಾಗಿ ಬೀದಿಯ ತುದಿಗೆ ಕರೆದೊಯ್ದ. ಅಲ್ಲಿ ಅಂಗಡಿಯವರೆಲ್ಲ ಸೇರಿದ್ದರು. ಕಂಬದ ಮೇಲಿನ ಹೊಸ ಫಲಕವೊಂದನ್ನು ದಪ್ಪ ಕ್ಯಾನ್ವಾಸಿನಲ್ಲಿ ಸುತ್ತಲೂ ಹೊಲಿದು ಮುಚ್ಚಿದ್ದರು.

“ಇಲ್ಲಿ ಎಲ್ಲರಿಗಿಂತ ಹಳೇ ಅಂಗಡಿ ನಿಮ್ಮದು, ಅದಕ್ಕೇ ಈ ಬೀದಿಗೆ ನಿಮ್ಮ ಹೆಸರೇ ಇಟ್ಟಿದ್ದೀವಿ. ಹೇಳಿಬಿಟ್ರೆ ನೀವು ಬೇಡ ಅಂತೀರ ಅಂತ ಮುಚ್ಚಿಟ್ವಿ,” ಎಂದ ಗಂಡ. “ಹರಿಯೋದೂ ನೀವೇ. ಫೋಟೋದವರು ಕಾಯ್ತಿದ್ದಾರೆ.”

ಹೆಂಡತಿ ಚಾಕು ಬಿಡಿಸಿ ರಿಪೇರಿಯವನ ಕೈಯಲ್ಲಿಟ್ಟಳು.

“ಜೋರಾಗಿ ತಿವೀರಿ ಅಣ್ಣ. ಲಾಕ್ ಕೂರಿಸಿದ್ದು ನೀವೇ ಅಲ್ವಾ, ಭಯ ಯಾಕೆ?”