ಮನೆಯ ಗಾಳಿಯಲ್ಲಿ ಮೂರನೇ ಹೆಸರು

ಬಯಲಿಗೆ ಬಿಟ್ಟ ಉಸಿರಿನಲ್ಲಿ ಬಿಟ್ಟವರ ಗುರುತು ನಲವತ್ತು ದಿನ ಉಳಿದು ಆಮೇಲೆ ಅಳಿಸಿಹೋಗುತ್ತದೆ ಎಂಬುದು ಮೈಸೂರಿನಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿತ್ತು. ವಿಶ್ವವಿದ್ಯಾಲಯದ ವಾಯು ರಸಾಯನ ಪ್ರಯೋಗಾಲಯದಲ್ಲಿ ಶರ್ವಾಣಿಯ ಕೆಲಸವೇ ಆ ಗುರುತು ಓದುವುದು. ಯಂತ್ರ ಸರಿಯಿದೆಯೇ ಎಂದು ನೋಡಲು ಅವಳು ಅಂದು ತನ್ನ ಮನೆಯ ಗಾಳಿಯನ್ನೇ ಸೀಸೆಯಲ್ಲಿ ತುಂಬಿ ತಂದಿದ್ದಳು.

ಯಂತ್ರ ಮೂರು ಹೆಸರು ತೋರಿಸಿತು: ಅವಳದು, ಮಗಳು ಹಂಸಿನಿಯದು, ಅಪ್ಪನದು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

ಸೀಸೆ ಅದಲುಬದಲಾಯಿತೇನೋ ಎಂದು ಚೀಟಿ ನೋಡಿದಳು. ಮತ್ತೆರಡು ಸಲ ಪರೀಕ್ಷಿಸಿದಳು. ಅದೇ ಮೂರು ಹೆಸರು. ತಂಡದ ಮುಖ್ಯಸ್ಥ ಚೆಲುವರಾಜು ಬಂದು ನೋಡಿ ತಲೆ ಕೆರೆದುಕೊಂಡರು.

“ಯಂತ್ರ ಸರಿಯಾಗೇ ಇದೆ ಕಣಮ್ಮ. ಮನೆಗೆ ಯಾರಾದ್ರೂ ಬಂದಿದ್ರಾ?”

“ಯಾರು ಬರ್ತಾರೆ ಸರ್? ಶ್ರೀರಂಗಪಟ್ಟಣದಲ್ಲಿ ನಾನೇ ಅಪ್ಪನ ಬೂದಿ ಬಿಟ್ಟು ಬಂದಿದೀನಿ.”

ಅವಳು ಮನೆಗೆ ಫೋನ್ ಮಾಡಿ, ಇವತ್ತು ತಾತನ ವಸ್ತು ಏನಾದರೂ ತೆಗೆದೆಯಾ ಎಂದು ಮಗಳನ್ನು ಕೇಳಿದಳು.

“ತಾತ ಊದಿಕೊಟ್ಟಿದ್ರಲ್ಲ ಪ್ಲಾಸ್ಟಿಕ್ ಗ್ಲೋಬು, ಬೆಳಿಗ್ಗೆ ಅದರ ಗಾಳಿ ಬಿಟ್ಟೆ ಅಮ್ಮ,” ಎಂದಳು ಹಂಸಿನಿ. “ನಾಳೆ ಮಡಚಿ ಸ್ಕೂಲಿಗೆ ತಗೊಂಡು ಹೋಗ್ಬೇಕು. ಅರ್ಧ ಇನ್ನೂ ಇದೆ. ಪೂರ್ತಿ ಬಿಟ್ಬಿಡ್ಲಾ?”

ಬೇಡ ಎನ್ನಬೇಕೋ ಹೂಂ ಎನ್ನಬೇಕೋ ಶರ್ವಾಣಿಗೆ ತಿಳಿಯಲಿಲ್ಲ. ಮುಚ್ಚಿಟ್ಟರೆ ಅಪ್ಪ ಅದರೊಳಗೇ ಉಳಿಯುತ್ತಾರೆ. ಬಿಟ್ಟರೆ ಕೆಲವು ದಿನವಾದರೂ ಮನೆಯ ತುಂಬ ಇರುತ್ತಾರೆ.

“ನಾನು ಬರೋವರೆಗೂ ಮುಟ್ಬೇಡ,” ಎಂದಳು ಕೊನೆಗೆ. “ಕಿಟಕಿ ಎಲ್ಲ ಹಾಕಿಡು. ಇಬ್ಬರೂ ಕೂತ್ಕೊಂಡು ನಿಧಾನವಾಗಿ ಬಿಡೋಣ.”