ಹಿಂದಲೆಯ ಗೆರೆ

“ತಂದೆ ಕಡೆ ಯಾರಿಗಾದ್ರೂ ಬೋಳುತಲೆ ಇತ್ತಾ?”

ಕೂದಲು ನೆಡುವ ಡಾಕ್ಟರಮ್ಮ ಕೇಳಿದ್ದು ಮಗನನ್ನು, ಉತ್ತರ ಕೊಟ್ಟವಳು ತಾಯಿ. “ಅವರ ಕಡೆ ಯಾರಿಗೂ ಇಲ್ಲ ಡಾಕ್ಟ್ರೇ, ಇದೆಲ್ಲ ನಮ್ಮ ಕಡೆಯ ಬಳುವಳಿ. ನಮ್ಮಪ್ಪಂದು ಫಳಫಳ ಹೊಳೆಯೋ ತಲೆ. ಇವರದು ನೋಡಿ, ಈ ವಯಸ್ಸಲ್ಲೂ ಬಾಚಣಿಗೆ ಮುರೀಬೇಕು.”

ಡಾಕ್ಟರಮ್ಮ ಕತ್ತೆತ್ತಿ ನೋಡಿದರು. ಅವಳ ಗಂಡ, ಹುಡುಗನ ತಂದೆ, ಕುರ್ಚಿಯನ್ನು ತುಸು ಹಿಂದಕ್ಕೆ ಜರುಗಿಸಿ ಗೋಡೆಗೆ ತಲೆ ಆನಿಸಿಕೊಂಡ. ಕನ್ನಡಕದ ಅಂಗಡಿ ಇಟ್ಟುಕೊಂಡು ದಿನವಿಡೀ ನಾಲ್ಕು ಕನ್ನಡಿಗಳ ನಡುವೆ ಬದುಕುವ ಮನುಷ್ಯ ಅವನು. ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಮೀಸೆಯಡಿಯಲ್ಲೇ ನಕ್ಕು ಸುಮ್ಮನಾಗುತ್ತಿದ್ದ. ಬೆಳಗಾದರೆ ಅವನು ನುಂಗುವ ಮಾತ್ರೆ ಗ್ಯಾಸ್ಟ್ರಿಕ್ಕಿನದು ಎಂದೇ ಮನೆಯವರ ನಂಬಿಕೆ. ಇವತ್ತು ಮಾತ್ರ ಆ ನಗು ತುಟಿಗೆ ಬರಲೊಲ್ಲದು.

ಡಾಕ್ಟರಮ್ಮ ಪೆನ್ಸಿಲ್ ತೆಗೆದುಕೊಂಡು ಮಗನ ಹಣೆಯ ಮೇಲೆ ಕೂದಲಿನ ಅಂಚು ಎಲ್ಲಿ ಬರಬೇಕೆಂದು ಗೆರೆ ಎಳೆದರು. ಅವನು ಕನ್ನಡಿ ನೋಡಿ ಮುಖ ಸಿಂಡರಿಸಿದ. “ಸೊಟ್ಟಗಿದೆಯಲ್ಲ ಮೇಡಂ?”

“ಸೊಟ್ಟಗೇ ಇರಬೇಕು ಮರಿ. ನೆಟ್ಟಗೆ ಎಳೆದ್ರೆ ಟೋಪನ್ ಇಟ್ಟ ಹಾಗಿರುತ್ತೆ. ಹಿಂದೆಲ್ಲ ಹತ್ತಿಪ್ಪತ್ತು ಕೂದಲು ಒಂದೇ ಕುಚ್ಚಾಗಿ ತೆಗೆದು ಸಾಲಾಗಿ ನೆಡ್ತಿದ್ರು. ಗೊಂಬೆ ತಲೆ ನೋಡಿದೀಯಲ್ಲ, ಥೇಟ್ ಹಾಗೆ. ಆಮೇಲೆ ಹಿಂದಲೆಯಿಂದ ಒಂದು ಪಟ್ಟಿ ಚರ್ಮ ತೆಗೆದು, ಅದರಿಂದ ಬೇರು ಬಿಡಿಸಿ ನೆಡೋದು ಬಂತು. ಒಳ್ಳೇ ಕೈ ಸಿಕ್ಕಿದ್ರೆ ಮನೆಯವರಿಗೂ ಗೊತ್ತಾಗ್ತಿರಲಿಲ್ಲ. ಹಿಂದೆ ಮಾತ್ರ ಕಿವಿಯಿಂದ ಕಿವಿಗೆ ಒಂದು ಗೆರೆ ಉಳೀತಿತ್ತು. ಈಗ ಅದೂ ಇಲ್ಲ, ಒಂದೊಂದೇ ಬೇರು ತೆಗೀತೀವಿ. ಅಂಚಿಗೆ ಒಂಟಿ ಎಳೆ, ಅದರ ಹಿಂದೆ ಜೋಡಿ ಎಳೆ, ಹುಟ್ಟಿದಾಗ ಇದ್ದ ಹಾಗೇ ಓರೆಯಾಗಿ.”

“ನಮ್ಮಪ್ಪಂಗೂ ಹಿಂದೆ ಅಂಥದ್ದೇ ಒಂದು ಗೆರೆ ಇದೆ,” ಮಗ ನಕ್ಕ. “ಚಿಕ್ಕವರಿದ್ದಾಗ ಸೈಕಲ್ಲಿಂದ ಬಿದ್ದಿದ್ದಂತೆ.”

“ಹೌದಾ,” ಎಂದಷ್ಟೇ ಹೇಳಿ ಡಾಕ್ಟರಮ್ಮ ಪೆನ್ಸಿಲ್ಲಿನ ಮೊನೆ ನೋಡತೊಡಗಿದರು.

ಹೆಂಡತಿಯ ಬೆರಳಿಗೆ ಆ ಗೆರೆ ಚೆನ್ನಾಗಿ ಗೊತ್ತು. ಮದುವೆಯ ಹೊಸದರಲ್ಲಿ ಅದನ್ನು ಸವರಿ, ಪಾಪ ಎಷ್ಟು ನೋವಾಗಿತ್ತೋ ಎಂದು ಕಣ್ಣಲ್ಲಿ ನೀರು ತಂದುಕೊಂಡವಳು ಅವಳು. ಆಗ ಅವನು ಇಳಿಜಾರು, ಕೈಕೊಟ್ಟ ಬ್ರೇಕು, ಸೈಕಲ್ಲಿನ ಬಣ್ಣ, ಎಲ್ಲವನ್ನೂ ಹೆಣೆದು ಹೇಳಿದ್ದ. ಆ ಭಯಕ್ಕೇ ಇವರು ಸೈಕಲ್ ಮುಟ್ಟಲ್ಲ ಎಂದು ಅವಳು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ನಿಧಾನವಾಗಿ ತಿರುಗಿ ಅವನ ಮುಖ ನೋಡಿದಳು.

“ಇನ್ನೊಂದ್ಸಲ ಕೇಳ್ತೀನಿ,” ಡಾಕ್ಟರಮ್ಮ ಯಾರ ಕಡೆಗೂ ನೋಡದೆ ಹೇಳಿದರು. “ಹಿಂದಲೆಯ ಕೂದಲು ತೆಗೆದಷ್ಟೂ ಬರೋದಲ್ಲ. ತಂದೆಗೂ ಬೇಗ ಉದುರಿದ್ರೆ ಇವನಿಗೂ ಇನ್ನೂ ಉದುರಬಹುದು ಅಂತ ಲೆಕ್ಕ ಇಟ್ಕೋಬೇಕು. ಆಗ ಗೆರೆ ಮೇಲಕ್ಕೆ ಹೋಗುತ್ತೆ, ಒಂದಿಷ್ಟು ಕೂದಲು ಮುಂದಿನ ವರ್ಷಗಳಿಗೆ ಅಂತ ಉಳಿಸ್ತೀನಿ. ಇಲ್ಲಾಂದ್ರೆ ನಾಳೆ ಹಣೆ ಮೇಲೊಂದು ಸಾಲು, ಹಿಂದೆಲ್ಲ ಬಯಲು.”

ಗಂಡನಿಗೆ ಮಾವ ನೆನಪಾದರು. ಕರೆಂಟು ಹೋದರೆ “ದೀಪ ಯಾಕೆ, ನಾನಿದೀನಲ್ಲ” ಎಂದು ತಲೆ ಸವರಿಕೊಂಡು ಎಲ್ಲರನ್ನೂ ನಗಿಸುತ್ತಿದ್ದ ಮಾವ. ಮೊಮ್ಮಗನ ದಿಂಬಿನ ಮೇಲೆ ಕೂದಲು ಕಾಣತೊಡಗಿದ ಮೇಲೆ ಅವರ ಆ ತಮಾಷೆ ನಿಂತಿತು. ಈ ಮನೆಗೆ ಬರುವಾಗ ಸುಡುವ ಬಿಸಿಲಲ್ಲೂ ಉಣ್ಣೆಯ ಟೋಪಿ ಹಾಕಿಕೊಂಡು ಬರತೊಡಗಿದರು. ಒಂದು ದಿನ ಹುಡುಗನ ಕೈ ಹಿಡಿದು, “ಕೊಡೋದಕ್ಕೆ ನನ್ನ ಹತ್ರ ಬೇರೇನೂ ಇರಲಿಲ್ಲವೇನೋ. ತಪ್ಪು ತಿಳ್ಕೋಬೇಡಪ್ಪ,” ಎಂದಿದ್ದರು. ಪಕ್ಕದಲ್ಲೇ ಕಿತ್ತಳೆ ಸುಲಿಯುತ್ತ ಕೂತಿದ್ದ ಇವನು, “ಬಿಡಿ ಮಾವ, ಯಾರಾದ್ರೂ ಬೇಕೂಂತ ಮಾಡ್ತಾರಾ,” ಎಂದು ದೊಡ್ಡ ಮನಸ್ಸಿನಿಂದ ಅವರನ್ನು ಕ್ಷಮಿಸಿಬಿಟ್ಟಿದ್ದ. ಕ್ಷಮಿಸಿಬಿಟ್ಟಿದ್ದ! ನೆನೆದರೆ ಈಗ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ನಂದೇ,” ಎಂದ. ಗೋಡೆಯಿಂದ ತಲೆ ಈಚೆ ತಂದು ಮತ್ತೆ ಹೇಳಿದ. “ಇವನಿಗೆ ಬಂದಿರೋದು ನಂದೇ. ಮದುವೆಗೆ ಮುಂಚೇನೇ ಎಲ್ಲಾ ಹೋಗಿತ್ತು. ಡಾಕ್ಟ್ರೇ, ಇದು ಪಟ್ಟಿ ತೆಗೆದು ನೆಟ್ಟಿದ್ದು. ಬೆಳಗಿನ ಮಾತ್ರೇನೂ ಕೂದಲಿಂದೇ. ನಂಗೆ ಸೈಕಲ್ ಹೊಡೆಯೋಕೇ ಬರಲ್ಲ.”

ಡಾಕ್ಟರಮ್ಮ ಹತ್ತಿಯಿಂದ ಹಣೆಯ ಗೆರೆ ಒರೆಸಿ, ಎರಡು ಬೆರಳು ಮೇಲಕ್ಕೆ ಇನ್ನೊಂದು ಎಳೆದರು. ಮಗ ಕನ್ನಡಿಯಲ್ಲಿ ಗೆರೆಯನ್ನು ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದ. ಹೆಂಡತಿ ರೇಗುತ್ತಾಳೆ, ಅಳುತ್ತಾಳೆ ಎಂದು ಅವನು ಕಾದ. ಅವಳು ಮಡಿಲಲ್ಲಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡು ಎದ್ದುನಿಂತಳು.

“ಕೊನೇ ದಿನ ಆಸ್ಪತ್ರೆ ಹಾಸಿಗೆ ಮೇಲೂ ಅಪ್ಪ ಆ ಟೋಪಿ ತೆಗೆಯೋಕೆ ಬಿಡಲಿಲ್ಲ ರೀ,” ಎಂದಳು. “ಮೊಮ್ಮಗ ನೋಡ್ಬಿಡ್ತಾನೆ ಅಂತ.”