ಅರಬಾ ನಿಲ್ಲಿಸಿದ ಕಡೆಯಿಂದ

ಹೇಳಿಬಿಡಲೇ? ಹೇಳಿದರೆ ಮನೆ ಒಡೆಯುತ್ತದೆ. ಹೇಳದಿದ್ದರೆ ಕೆಲಸ ಹೋಗುತ್ತದೆ. ಕೋಟೆಯ ನೆಲಮಾಳಿಗೆಯ ಬಾಗಿಲಲ್ಲಿ ಕ್ವಾಮೆನಾ ನಿಂತಿದ್ದ.

"ಮುಂದುವರಿಸಿ," ಎಂದರು ಶ್ರೀಮತಿ ಡೆಡೆ. ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಗೈಡುಗಳಿಗೆ ಕಲಿಸಲು ರಾಜಧಾನಿ ಅಕ್ರಾದಿಂದ ಬಂದವರು ಅವರು. ತರಬೇತಿಯ ಕೊನೆಯ ಪರೀಕ್ಷೆ ಇದು. ಕ್ವಾಮೆನಾ, ಅರಬಾ ಇಬ್ಬರಲ್ಲಿ ಒಬ್ಬರನ್ನೇ ಉಳಿಸಿಕೊಳ್ಳುವುದಾಗಿ ಕಚೇರಿ ಮೊದಲೇ ಹೇಳಿತ್ತು.

"ನಾನು ಸಮುದ್ರದಾಚೆಯಿಂದ ಬಂದವಳು ಅಂದ್ಕೊಳ್ಳಿ. ನಮ್ಮ ಹಿರಿಯರನ್ನ ಗುಲಾಮರಾಗಿ ಇದೇ ಬಾಗಿಲಿಂದ ಹಡಗಿಗೆ ತುಂಬಿದ್ದು. ನನ್ನ ಬೇರು ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ. ನೀವು ನಿಮ್ಮ ಬೇರು ತೋರಿಸಿದ್ರೆ ತಾನೇ ನಾನು ನಿಮ್ಮನ್ನ ನಂಬೋದು? ಮುಖದಲ್ಲಿ ಸ್ವಲ್ಪ ನಗು ಇರಲಿ."

"ಈ ಬಾಗಿಲಲ್ಲಿ ನಗೋದಾ, ಅಮ್ಮಾ? ಒಳಗೆ ಸತ್ತವರು ಏನಂದ್ಕೊಂಡಾರು?"

"ಮಾವನ ನಗು ಕೆಂಕಿ ಕಡುಬಿನ ಥರ, ಮೇಡಂ," ಎಂದ ಹಿಂದೆ ನಿಂತ ಹಳೆಯ ಗೈಡು ಎಕೋ. "ಎಲೆ ಬಿಚ್ಚೋವರೆಗೂ ಒಳಗೇನಿದೆ ಅಂತ ಕಾಣಲ್ಲ."

ಎಲ್ಲರೂ ನಕ್ಕರು. ಅರಬಾ ಹೆಚ್ಚು ನಕ್ಕಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ಕ್ವಾಮೆನಾನೇ. ಅವನು ಅದೇ ಮನೆತನದ ಇನ್ನೊಂದು ಕವಲಿನವನು, ಅಂಗಳ ಒಂದೇ. ಅವನೇ ಆ ಮನೆಯ ಹಿರಿಯ. ಸತ್ತವರಿಗೆ ನೀರೆರೆಯುವಾಗ ಹೆಸರು ಹಿಡಿದು ಕರೆಯುವವನು ಅವನೇ.

ಅವಳ ಸರದಿ ಆಗಲೇ ಮುಗಿದಿತ್ತು. ಚೆನ್ನಾಗಿ ಹೇಳಿದ್ದಳು. "ನಮ್ಮ ಮನೆಯವರು ಯಾರೂ ಸರಪಳಿ ಕಂಡವರಲ್ಲ. ನಾವು ಹುಟ್ಟಾ ಈ ದಡದವರು" ಎಂದು ಎದೆಯ ಮೇಲೆ ಕೈಯಿಟ್ಟು, ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ಹೀಗೆ ಒಬ್ಬೊಬ್ಬರ ಹೆಸರನ್ನೂ ಹೇಳುತ್ತ ಹೋಗಿ ಅಲ್ಲಿಗೆ ನಿಲ್ಲಿಸಿದ್ದಳು. "ಅದರಾಚೆ ಮಾವಂಗೇ ಗೊತ್ತು. ಕೇಳಿ ಅವರನ್ನ."

ಡೆಡೆಗೆ ಅದು ಹಿಡಿಸಿತ್ತು. "ಅರಬಾ ನಿಲ್ಲಿಸಿದ ಕಡೆಯಿಂದಲೇ ಶುರು ಮಾಡಿ, ಕ್ವಾಮೆನಾ. ಒಂದೇ ಮನೆ, ಇಬ್ಬರು ಗೈಡು. ಪ್ರವಾಸಿಗಳು ಕಣ್ಣೀರು ಹಾಕ್ತಾರೆ."

ಅವನು ಗಂಟಲು ಸರಿಪಡಿಸಿಕೊಂಡ. "ನಮ್ಮಲ್ಲೊಂದು ಮಾತಿದೆ, ಅಮ್ಮಾ. ಒಬ್ಬರ ಬೇರನ್ನ ಇನ್ನೊಬ್ಬರು ಅಗೆದು ತೋರಿಸಬಾರದು."

"ನಿಮ್ಮ ಮನೆ ಬೇರನ್ನೇ ನಾನು ಕೇಳ್ತಿರೋದು."



ಸುಳ್ಳೊಂದು ಕ್ವಾಮೆನಾನ ನಾಲಗೆಯ ತುದಿಯವರೆಗೂ ಬಂತು. ಯಾವುದೋ ಊರು, ಯಾವುದೋ ಹೆಸರು, ಮುಗಿದುಹೋಗುತ್ತಿತ್ತು. ಆದರೆ ಊರಿನವರೂ ಹೊರಗಿನವರೂ ಅಳುತ್ತ ಕೈಯಿಟ್ಟು ಸವೆಸಿದ ಬಾಗಿಲು ಅದು. ಅಲ್ಲಿ ಸತ್ತವರ ಬಗ್ಗೆ ಸುಳ್ಳಾಡಲು ಅವನಿಂದ ಆಗಲಿಲ್ಲ.

"ಮಾವ, ಹೇಳಿ ಮತ್ತೆ," ಅರಬಾ ಮೆಲ್ಲಗೆ ಅಂದಳು. "ಏನಾಯ್ತು ನಿಮಗೆ?"

"ಏನಿಲ್ಲ, ಮಗಳೇ."

"ಏನೋ ಇದೆ," ಎಂದು ಎಕೋ ಪಕ್ಕದವನ ಕಿವಿಯಲ್ಲಿ ಉಸುರಿದ. ಎಲ್ಲರಿಗೂ ಕೇಳಿಸಿತು. "ಉತ್ತರದ ಸಂತೆಯಲ್ಲಿ ಕೊಂಡು ತಂದ ಕುಡಿ ಇರಬೇಕು."

ಆ ಕರಾವಳಿಯಲ್ಲಿ ಬಾಯಿಬಿಟ್ಟು ಆಡಬಾರದ ಮಾತದು. ಒಂದು ಕಾಲಕ್ಕೆ ಗುಲಾಮರಾಗಿ ಕೊಂಡು ತಂದವರು ಮನೆಯವರೇ ಆಗಿ, ಮಕ್ಕಳು ಮೊಮ್ಮಕ್ಕಳಾಗಿ ಬೆರೆತುಹೋಗಿದ್ದರು. ಯಾರೂ ಅದನ್ನೆತ್ತುವುದಿಲ್ಲ. ಎತ್ತಿದ ದಿನ ಮಾತ್ರ ಹಾಗೆ ಬಂದವರ ಕುಡಿಗೆ ಮನೆಯಲ್ಲಿ ಮಣೆಯಿಲ್ಲ, ಮಾತಿಲ್ಲ.

ಅರಬಾ ಕ್ವಾಮೆನಾನ ಮುಖ ನೋಡಿದಳು. ಅವನು ಅಲ್ಲವೆನ್ನಲಿಲ್ಲ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಕೆಲಸ ಅವಳಿಗೆ ಸಿಕ್ಕಿತು. ಆಮೇಲೆ ಅಂಗಳದಾಚೆಯಿಂದ ಅವಳು ಕಳಿಸುತ್ತಿದ್ದ ಮೀನಿನ ಸಾರು ಬರುವುದು ನಿಂತಿತು. ದಾರಿಯಲ್ಲಿ ಎದುರಾದರೆ ಅವಳು "ಮಾವ" ಎನ್ನುತ್ತಿರಲಿಲ್ಲ. ಬರೀ ತಲೆಯಾಡಿಸಿ ಹೋಗುತ್ತಿದ್ದಳು.

ಮಳೆ ನಿಂತ ಮೇಲೆ ಮನೆತನದಲ್ಲೊಂದು ಸಾವಾಯಿತು. ಅಂತ್ಯಕ್ರಿಯೆಗೆ ಎಲ್ಲರೂ ಕೂಡಿದ್ದರು. ಕ್ವಾಮೆನಾ ನೀರಿನ ಪಾತ್ರೆಗೆ ಕೈ ಚಾಚಿದಾಗ ಅರಬಾ ಎದ್ದು ನಿಂತಳು.

"ಬೇರು ಗೊತ್ತಿಲ್ಲದವರ ಕೈಲಿ ನಮ್ಮ ಹಿರಿಯರಿಗೆ ನೀರು ಎರೆಸೋದು ಬೇಡ."

ಮುದುಕರು ನೆಲ ನೋಡಿದರು. ಅವಳ ಬಾಯಿ ಮುಚ್ಚಿಸಲು ಯಾರೂ ಮುಂದೆ ಬರಲಿಲ್ಲ. ಕ್ವಾಮೆನಾ ಹಿರಿಯನ ಮಣೆಯಿಂದ ಎದ್ದ. ಅವಳ ಪಕ್ಕದಲ್ಲೇ ಹಾದುಹೋಗುವಾಗ ತುಸು ನಿಂತ. ಏನೋ ಹೇಳುತ್ತಾನೆಂದು ಎಲ್ಲರೂ ಕಾದರು.

"ಹುಷಾರು, ಮಗಳೇ. ಕಾಲಡಿ ಒದ್ದೆಯಿದೆ," ಎಂದು ಹೊರಗೆ ನಡೆದ.

ಉತ್ತರದ ಸಂತೆಯಲ್ಲಿ ಕೊಂಡು ತಂದ ಹುಡುಗಿ ಅರಬಾಳ ಅಜ್ಜಿಯ ಅಜ್ಜಿ ಎಂಬುದನ್ನು ಅವನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ.